ಚೀಲದ ಮೇಲಿನ ಕಾಳು

ರೋಣದ ಮಾರುಕಟ್ಟೆಯಲ್ಲಿ ಕಡಲೆಗೆ ದರ ಕಟ್ಟುವವರು ವ್ಯಾಪಾರಿಗಳು ಎಂದು ಹೊರಗಿನವರು ತಿಳಿದಿರುತ್ತಾರೆ. ತಿಳಿದುಕೊಳ್ಳಲಿ, ಪಾಪ. ದರ ಕಟ್ಟುತ್ತಿದ್ದದ್ದು ಲಾಡಸಾಬನ ಎಡದವಡೆ. ಮುತ್ತಣ್ಣ ಶೆಟ್ಟರ ದಲಾಲಿ ಅಂಗಡಿಯಲ್ಲಿ ಮೂವತ್ತೆರಡು ವರ್ಷದಿಂದ ಮಾಲು ಪರೀಕ್ಷೆ ಮಾಡುತ್ತ ಬಂದ ಈ ಮನುಷ್ಯ ಕೈಯಲ್ಲಿ ಪರಖಿ ಹಿಡಿದು ಬಂದನೆಂದರೆ, ಸಾಲಾಗಿಟ್ಟ ಚೀಲಗಳ ಹಿಂದೆ ಸಾಲಾಗಿ ನಿಂತ ರೈತರ ಎದೆ ಡವಡವ ಎನ್ನುತ್ತಿತ್ತು. ಪರಖಿ ಎಂದರೆ ಮತ್ತೇನಲ್ಲ, ಮೊಳದುದ್ದದ ಉಕ್ಕಿನ ಕೊಳವೆ; ತುದಿ ಚೂಪು, ಒಂದು ಮಗ್ಗಲು ಸೀಳು. ಹೊಲಿದ ಚೀಲಕ್ಕೆ ಚುಚ್ಚಿದರೆ ಒಳಗಿನ ಕಾಳು ಜಾರಿ ಹೊರಗೆ ಬರುತ್ತದೆ. ಅದರಲ್ಲಿ ನಾಲ್ಕು ಕಾಳನ್ನು ಲಾಡಸಾಬ ಎಡದವಡೆಗೆ ಒಗೆದು ಕಚ್ಚುವನು. ಕಟ್ ಎಂದರೆ ಒಣಗಿದ ಮಾಲು. ಮೆತ್ತಗಾಗಿ ಹಲ್ಲಿನ ಗುರುತು ಮೂಡಿತೋ, ಆ ಚೀಲದ ಹಣೆಬರಹ ಮುಗಿಯಿತು.

"ಇದು ಕಾರಹುಣ್ಣಿವಿ ಕಾಣೂದಿಲ್ಲರಿ. ನುಸಿ ಹತ್ತತೈತಿ" ಎಂದು ಹೇಳಿ ಮುಂದಿನ ಚೀಲಕ್ಕೆ ಹೋಗುವನು. ಒಮ್ಮೆ ಶೆಟ್ಟರು ಹಟಕ್ಕೆ ಬಿದ್ದು ಅಂಥ ಮಾಲನ್ನು ಗೋದಾಮಿನಲ್ಲಿ ಇಟ್ಟು ನೋಡಿದರು. ಕಾರಹುಣ್ಣಿಮೆಗೆ ಇನ್ನೂ ಎಂಟು ದಿನವಿರುವಾಗಲೇ ಕಡಲೆ ತಾನೇ ತಾನಾಗಿ ನಡೆದಾಡತೊಡಗಿತು. ಅಂದಿನಿಂದ ಲಾಡಸಾಬ ನುಡಿದದ್ದೇ ನುಡಿ. ಅವನಿಗೂ ಅದು ಗೊತ್ತಿತ್ತು. ನಡೆಯುವಾಗ ತಲೆ ಒಂದು ಗೇಣು ಮೇಲೆಯೇ ಇರುತ್ತಿತ್ತು.

ರೈತರೇನೂ ಕಡಿಮೆ ಇರಲಿಲ್ಲ. ಚೀಲದ ಬಾಯಿಗೆ ಚಲೋ ಕಾಳು, ಹೊಟ್ಟೆಗೆ ಏನಾದರೂ ಆದೀತು, ಇದು ನಮ್ಮ ಕಡೆಯ ಹಳೆಯ ವಿದ್ಯೆ. ಲಕ್ಕಲಕಟ್ಟಿಯ ಹನಮಪ್ಪ ಈ ವಿದ್ಯೆಗೆ ಮಾಸ್ತರನಾಗಬೇಕಾದವನು. ಅವನ ಚೀಲದಲ್ಲಿ ಮೇಲಿನ ಎರಡು ಗೇಣು ಮುತ್ತಿನಂಥ ಕಡಲೆ. ಕೆಳಗೆ ಹೋದಂತೆ ಹಸಿ ಕಾಳು, ಜೊಳ್ಳು, ಹೆಂಟೆ, ಒಮ್ಮೆ ಒಂದು ಚಪ್ಪಲಿಯ ಉಂಗುಟ. ಬೇರೆ ಅಂಗಡಿಯ ಪರೀಕ್ಷಕರು ಚೀಲದ ಬಾಯಿಗೆ ಕೈ ಹಾಕಿ, ಕಾಳು ತಿಕ್ಕಿ, ಭಾಳ ತಿಳಿದವರಂತೆ ತಲೆಯಾಡಿಸಿ ಚಹಾ ಕುಡಿಯಲು ಹೋಗುವರು. ಲಾಡಸಾಬ ಮಾತ್ರ ಮೊಣಕಾಲೂರಿ ಕುಳಿತು ತಳಕ್ಕೇ ಚುಚ್ಚುವನು. ಕಳವು ಸಿಕ್ಕಿತೆಂದರೆ ಬೈಯುತ್ತಿರಲಿಲ್ಲ. ಎದ್ದು ನಿಂತು, ಬಹುವಚನ ಹಚ್ಚಿ, ಇಡೀ ಹರಾಜು ಕಟ್ಟೆಗೆ ಕೇಳುವಂತೆ ಒಂದೇ ಶಬ್ದ ಹೇಳುವನು:

"ಸುರುವ್ರಿ!"

ಮಾಲಿನ ಒಡೆಯನೇ ತನ್ನ ಕೈಯಾರೆ ಚೀಲ ಬಿಚ್ಚಿ ತಾಡಪತ್ರಿಯ ಮೇಲೆ ಸುರಿಯಬೇಕು. ಹಮಾಲರು ಮುಟ್ಟುವಂತಿಲ್ಲ. ಸುರಿದು, ಮೇಲಿನದು ಕೆಳಗಿನದು ಕಲೆಸಿ, ನಾಲ್ಕು ಜನರ ಎದುರಿಗೆ ತಾನೇ ಮತ್ತೆ ತುಂಬಬೇಕು. ಹತ್ತು ವರ್ಷದಲ್ಲಿ ಹನಮಪ್ಪ ನಾಲ್ಕು ಸಲ ಸುರಿದಿದ್ದ. ನಾಲ್ಕನೆಯ ಸಲ ಸುರಿಯುವಾಗ ಯಾರೋ ಸೀಟಿಯನ್ನೂ ಹೊಡೆದಿದ್ದರು. ಅವನು ಅದನ್ನು ಮರೆತಿರಲಿಲ್ಲ.

ಹೋದ ವರ್ಷದ ಕಡಲೆ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಲಾಡಸಾಬ ಚೀಲದ ಮುಂದೆ ಮೊಣಕಾಲೂರಿ ಕುಳಿತವನು ಏಳಲಿಲ್ಲ. ಎದೆಯಲ್ಲಿ ಹಗ್ಗ ಬಿಗಿದಂತಾಗಿ, ಆ ಬಿಗಿ ಮೇಲೇರುತ್ತ ಬಂದು ಎಡದವಡೆಯಲ್ಲಿ ನಿಂತಿತು. ಬೆವರು ಇಳಿಯಿತು. ಐದು ನಿಮಿಷಕ್ಕೆ ತಾನೇ ಬಿಟ್ಟಿತು. ಕೂಡಿದ ಜನ ಎದೆ ಎದೆ ಎಂದು ಕೂಗಿದರೆ ಇವನು ದವಡೆ ದವಡೆ ಎಂದ. ಮೂವತ್ತೆರಡು ವರ್ಷ ಕಡಲೆ ಕಡಿದ ಹಲ್ಲಿಗೆ ನೋವು ಬರದೆ ಇನ್ನೇನು ಬರಬೇಕು? ನೆಟ್ಟಗೆ ಹಲ್ಲಿನ ಡಾಕ್ಟರರ ಹತ್ತಿರ ಹೋದ. ಅವರು ಹಲ್ಲು ಗಟ್ಟಿಯಾಗಿದೆ, ಕೀಳಿಸಿಕೊಳ್ಳಬೇಡ ಎಂದು ಅಂಗಲಾಚಿದರು. ದವಡೆಯ ವಿಷಯದಲ್ಲಿ ಲಾಡಸಾಬನಿಗೆ ಬುದ್ಧಿ ಹೇಳುವ ಧೈರ್ಯ ಆ ಡಾಕ್ಟರರಿಗೆ ಹೆಚ್ಚು ಹೊತ್ತು ಉಳಿಯಲಿಲ್ಲ. ಒಳ್ಳೆಯ ಹಲ್ಲೊಂದನ್ನು ಕೀಳಿಸಿಕೊಂಡು, ಬಾಯಿಗೆ ಹತ್ತಿ ತುರುಕಿಕೊಂಡು ಮನೆಗೆ ಬಂದ. ಎಂಟನೆಯ ದಿನ ಹಲ್ಲಿಲ್ಲದ ಜಾಗದಲ್ಲಿಯೇ ಅದೇ ನೋವು ಮತ್ತೆ ಬಂದಿತು.

ಹೆಂಡತಿ ಜಮಾಲಬಿಗೆ ಅಷ್ಟು ಸಾಕಾಯಿತು. ಅವರ ಮನೆಯಲ್ಲಿ ಮಾತೆಲ್ಲ ಉರ್ದು, ಜಗಳ ಮಾತ್ರ ಕನ್ನಡ. ಆ ದಿನ ಆಕೆ ಬೆಳಿಗ್ಗೆಯಿಂದಲೇ ಕನ್ನಡದಲ್ಲಿದ್ದಳು.

"ಇನ್ನ ಎಷ್ಟ ಹಲ್ಲ ಅದಾವ? ಎಲ್ಲಾ ಕೀಳಿಸಿದ ಮ್ಯಾಲೆ ದವಾಖಾನಿಗಿ ಹೋಗಾವ್ರೇನ?"

ಹೀಗೆ ಇಬ್ಬರೂ ಬಸ್ ಹತ್ತಿ ಗದಗಿಗೆ ಹೋದರು. ಅಲ್ಲಿಯ ಒಂದು ದವಾಖಾನೆಯಲ್ಲಿ ಡಾಕ್ಟರ್ ಪುಷ್ಪಾವತಿ ಎನ್ನುವವರು ಎದೆಯ ಸ್ಕ್ಯಾನ್ ಮಾಡಿ ಒಂದು ಅಧ್ಯಯನ ನಡೆಸುತ್ತಿದ್ದರು. ಸ್ಕ್ಯಾನು ಪುಕ್ಕಟೆ, ವರ್ಷವಿಡೀ ಗುಳಿಗೆ ಪುಕ್ಕಟೆ, ವರ್ಷದ ನಂತರ ಇನ್ನೊಂದು ಸ್ಕ್ಯಾನು ಪುಕ್ಕಟೆ. ಕಾಯುವ ಬಾಕಿನ ಮೇಲೆ ಆಗಲೇ ಒಬ್ಬ ಕುಳಿತಿದ್ದ. ಲಕ್ಕಲಕಟ್ಟಿಯ ಹನಮಪ್ಪ! ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತದೆಂದು ಅವನನ್ನೂ ಕಳಿಸಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಇನ್ನು ಈ ಊರಿನಲ್ಲೂ ನೆಮ್ಮದಿಯಿಲ್ಲ ಎಂಬಂತೆ ಮುಖ ತಿರುಗಿಸಿದರು.

ಕೈಗೆ ಸೂಜಿ ಚುಚ್ಚಿ, ಔಷಧಿ ಬಿಟ್ಟು, ಮೈಯೆಲ್ಲ ಬಿಸಿ ಏರುತ್ತಿರುವಾಗ ಉಸಿರು ಹಿಡಿ ಎಂದು ಹೇಳಿ, ಒಂದು ದೊಡ್ಡ ಬಳೆಯಂಥ ಯಂತ್ರದೊಳಗೆ ಲಾಡಸಾಬನನ್ನು ತೂರಿಸಿ ತೆಗೆದರು. ಆಮೇಲೆ ಡಾಕ್ಟರರು ಚಿತ್ರ ತೋರಿಸಿದರು. ಹೃದಯದ ಮೇಲೆ ಹರಿದ ಒಂದು ರಕ್ತನಾಳ, ಅದರ ಒಂದು ಕಡೆ ಕೆಂಪು ಉಂಗುರ ಬರೆದಿತ್ತು.

"ನೋಡ್ರಿ ಅಜ್ಜಾರ, ನಾಳದ ಗೋಡಿಯೊಳಗ ಇಲ್ಲೊಂದು ಗಂಟ ಐತಿ. ದಾರಿ ಇನ್ನೂ ಮೂವತ್ತು ಪರ್ಸೆಂಟ್ ಅಷ್ಟ ಮುಚ್ಚೈತಿ. ಅದರ ಚಿಂತಿ ಇಲ್ಲ. ಗಟ್ಟಿ, ಸುಣ್ಣ ಕಟ್ಟಿದ ಗಂಟ ಆಗಿದ್ರ ನಾನು ಇಷ್ಟ ಹೇಳ್ತಿರಲಿಲ್ಲ. ನಿಮ್ಮದು ಮೆತ್ತಗ ಐತಿ. ಮೆತ್ತಗಿದ್ದದ್ದು ಬೆಳೀತೈತಿ, ಒಡದ್ರೂ ಒಡೀತೈತಿ. ಎಷ್ಟೋ ಸಾವಿರ ಜನರ ಚಿತ್ರ ನೋಡಿ ಕಲ್ತ ಕಂಪ್ಯೂಟರ ಹೇಳೂದೂ ಇದನ್ನ. ಗುಳಿಗಿ ತಗೊಳ್ಳದಿದ್ರ ವರ್ಷದಾಗ ಈ ಉಂಗುರದಾಗಿಂದು ದಪ್ಪ ಆಗತೈತಿ. ಬೀಡಿ ಬಿಡ್ರಿ, ದಿನಾ ಊಟ ಆದಮ್ಯಾಲೆ ರಕ್ತದಾಗಿನ ಕೊಬ್ಬು ಇಳಿಸೂ ಒಂದು ಗುಳಿಗಿ ತಗೊಳ್ರಿ."

"ಕಂಪ್ಯೂಟರ ಕಚ್ಚಿ ನೋಡೇತೇನ್ರಿ?" ಎಂದ ಲಾಡಸಾಬ.

"ಇಲ್ಲ. ನೋಡೇ ಹೇಳತೈತಿ. ಪ್ರತಿಸಲ ಖರೇ ಆಗೂದಿಲ್ಲ. ಭಾಳ ಸಲ ಆಗತೈತಿ."

ಮೂವತ್ತೆರಡು ವರ್ಷ ಮೆತ್ತಗಿನ ಕಾಳು ಹಾಳಾಗುತ್ತದೆ ಎಂದು ಸಾರಿದ ಮನುಷ್ಯನಿಗೆ ಈ ಮಾತು ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿಯಿತು. ತಿಳಿದದ್ದೇ ಕಷ್ಟವಾಯಿತು. ಅವನಿಗೆ ಭಯವಾಗಿತ್ತು, ಅದೇ ಖರೇ ಸಂಗತಿ. ಆದರೆ ಭಯವನ್ನು ಒಪ್ಪಿಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ, ಸಿಟ್ಟು ಮಾಡಿಕೊಳ್ಳುವ ಅಭ್ಯಾಸವಿತ್ತು. ತನ್ನನ್ನೂ ಒಂದು ಚೀಲ ಮಾಡಿ ಪರೀಕ್ಷಿಸಿ, ಕಾರಹುಣ್ಣಿಮೆ ಕಾಣುವುದಿಲ್ಲ ಎಂದುಬಿಟ್ಟಿತಲ್ಲ ಆ ಯಂತ್ರ, ಅದೂ ಒಂದು ಕಾಳು ಕಡಿಯದೆ!

ಊರಿಗೆ ಬಂದರೆ ಅಲ್ಲಿ ಬೇರೆಯ ಪರೀಕ್ಷೆ ಕಾದಿತ್ತು. ನಮ್ಮಲ್ಲಿ ಎದೆಯ ರೋಗವನ್ನೂ ಮಾರ್ಕ್ಸಿನಿಂದಲೇ ಅಳೆಯುತ್ತಾರೆ. ತೊಂಬತ್ತು ಪರ್ಸೆಂಟ್ ಬ್ಲಾಕ್ ಎಂದರೆ ರ್‍ಯಾಂಕ್ ಬಂದಂತೆ. ಅಂಥವನ ಮನೆಗೆ ಜನ ಬಾಳೆಹಣ್ಣು ಹಿಡಿದುಕೊಂಡು ಹೋಗುತ್ತಾರೆ, ಅವನೂ ಅಂಗಿಯ ಗುಂಡಿ ಬಿಚ್ಚಿ ಕುಳಿತು ಕಥೆ ಹೇಳುತ್ತಾನೆ. ಲಾಡಸಾಬನ ಮೂವತ್ತು ಕೇಳಿ ಇಡೀ ಮಾರುಕಟ್ಟೆ ನಕ್ಕಿತು.

"ಮೂವತ್ತ? ಪಾಸಾಗಾಕ ಮೂವತ್ತೈದರ ಬೇಕಲ್ಲೋ ಮಾರಾಯ!" ಎಂದರು ಶೆಟ್ಟರು.

ಲಾಡಸಾಬನೂ ನಕ್ಕ. ಯಾರೂ ಮೆತ್ತಗೋ ಗಟ್ಟಿಯೋ ಎಂದು ಕೇಳಲಿಲ್ಲ, ಅವನೂ ಹೇಳಲಿಲ್ಲ. ಚೀಲದ ತಳದಲ್ಲಿ ಏನಿದೆ ಎಂದು ಮೂವತ್ತೆರಡು ವರ್ಷ ಊರನ್ನೆಲ್ಲ ಕೇಳಿದವನು ತನ್ನ ತಳದ ವಿಷಯಕ್ಕೆ ಬಾಯಿ ಹೊಲಿದುಕೊಂಡ. ಗುಳಿಗೆ ನುಂಗಿದರೆ ಯಂತ್ರದ ಮಾತು ಒಪ್ಪಿದಂತೆ. ನುಂಗದೆಯೇ ವರ್ಷ ಕಳೆದು, ಗಂಟು ಬೆಳೆದಿಲ್ಲ ಎಂದು ತೋರಿಸಿ, ಆ ಕಂಪ್ಯೂಟರಿನ ಮಾನ ಕಳೆಯಬೇಕೆಂದು ಅವನು ನಿಶ್ಚಯಿಸಿದ. ಇಂಥ ಶೌರ್ಯಕ್ಕೆ ಸರಕಾರ ಪದಕ ಕೊಡುವುದಿಲ್ಲ, ಅದೊಂದೇ ಕೊರತೆ.

ಅಡ್ಡ ಬಂದವಳು ಜಮಾಲಬಿ. ದಿನಾ ಸಂಜೆಯ ಊಟವಾದ ಕೂಡಲೇ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಎದುರಿಗೆ ನಿಲ್ಲುವಳು. ನುಂಗುವ ತನಕ ಕದಲುವವಳಲ್ಲ. ಆದರೆ ಲಾಡಸಾಬನ ಎಡದವಡೆಯಲ್ಲಿ ಈಗ ಒಂದು ಹಲ್ಲಿನ ಜಾಗ ಖಾಲಿಯಿತ್ತಲ್ಲ! ಜನ್ಮವೆಲ್ಲ ದವಡೆಯಲ್ಲಿ ಕಾಳು ಇಟ್ಟುಕೊಂಡೇ ರೈತರ ಜೊತೆ ಚೌಕಾಶಿ ಮಾಡಿದವನಿಗೆ ಒಂದು ಗುಳಿಗೆ ಯಾವ ಲೆಕ್ಕ? ಬಾಯಿಗೆ ಒಗೆಯುವನು, ಆ ಸಂದಿಗೆ ನೂಕುವನು, ನೀರು ಗಟಗಟ ಕುಡಿಯುವನು, ಹಾ ಎಂದು ತೇಗುವನು. ಆಕೆ ತಂಬಿಗೆ ಇಡಲು ಒಳಗೆ ಹೋದ ಕೂಡಲೇ ಗುಳಿಗೆ ಅಂಗೈಗೆ ಬರುತ್ತಿತ್ತು. ಮಾರುಕಟ್ಟೆಯಿಂದ ತಂದ ಒಂದು ಮಾದರಿ ಚೀಲ, ಮೊಣಕೈಯುದ್ದದ ಬಟ್ಟೆಯ ಚೀಲ, ಕಪಾಟಿನ ಹಿಂದೆ ತೂಗುಹಾಕಿತ್ತು. ಗುಳಿಗೆಗಳೆಲ್ಲ ಅದರೊಳಗೆ ಸೇರುತ್ತ ಹೋದವು. ಎಸೆಯಲು ಮನಸ್ಸು ಬರಲಿಲ್ಲ. ಮಾಲು ಎಸೆಯುವ ಜಾತಿಯವನಲ್ಲ ಅವನು. ಮಳೆಗಾಲ ಕಳೆಯಿತು, ಹಿಂಗಾರಿ ಬಿತ್ತಿಗೆ ಮುಗಿಯಿತು. ಬೀಡಿಯೂ ನಡೆದಿತ್ತು, ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯೂ ನಡೆದಿತ್ತು. ಜಮಾಲಬಿ ಓಣಿಯವರಿಗೆಲ್ಲ, "ನಮ್ಮವರು ಒಂದಿನಾನೂ ಗುಳಿಗಿ ತಪ್ಪಿಸಿಲ್ಲವಾ" ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಕಡಲೆ ಮತ್ತೆ ಕಾಯಿ ಕಟ್ಟಿತು. ಎರಡನೆಯ ಸ್ಕ್ಯಾನಿಗೆ ಹದಿನೈದು ದಿನ ಉಳಿದಿರುವಾಗ ದವಾಖಾನೆಯಿಂದ ಫೋನು ಬಂದಿತು. ಅದೇ ವಾರ ಅಬ್ಬಿಗೇರಿಯ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಎದೆಯ ಹಗ್ಗ ಮತ್ತೆ ಬಿಗಿದಿತ್ತು, ಈ ಸಲ ಐದು ನಿಮಿಷಕ್ಕೆ ಬಿಟ್ಟಿರಲಿಲ್ಲ. ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತು ಅವನು ಮೊದಲನೆಯ ಸಲ ತಾನು ಸಾಯಬಹುದು ಎಂದು ನೆಟ್ಟಗೆ ಯೋಚಿಸಿದ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂದಿತು. ಸತ್ತರೆ ಸತ್ತ, ಆದರೆ ಗದಗಿನಲ್ಲಿ ಹನಮಪ್ಪನ ಮುಂದೆ ಫೇಲಾದರೆ?

ಮರುದಿನದಿಂದ ಲಾಡಸಾಬನಂಥ ಸಾಧು ರೋಣದಲ್ಲಿ ಮತ್ತೊಬ್ಬನಿರಲಿಲ್ಲ. ಬೀಡಿ ಬಿಟ್ಟ. ಮಿರ್ಚಿಯ ಗಾಡಿ ಕಂಡರೆ ಎದುರಿನ ಮಗ್ಗಲಿಗೆ ಹೋದ. ರೊಟ್ಟಿ, ಎಣ್ಣೆಯಿಲ್ಲದ ಪಲ್ಯ, ಮಜ್ಜಿಗೆ, ಅಷ್ಟೇ. ಬೆಳಿಗ್ಗೆ ಎದ್ದು ಕೈಬೀಸಿಕೊಂಡು ನಿಧಾನವಾಗಿ ನಡೆದ. ಗುಳಿಗೆಯನ್ನು ದಿನಾ ನಿಜವಾಗಿ ನುಂಗಿದ, ಕೆಲವು ದಿನ ಹಿಂದಿನ ಬಾಕಿಯೆಂದು ಚೀಲದಿಂದ ಇನ್ನೊಂದು ತೆಗೆದು ಅದನ್ನೂ ನುಂಗಿದ. ಹದಿನೈದು ದಿನದಲ್ಲಿ ಮುಖಕ್ಕೆ ಕಳೆ ಬಂದಿತು. ತಾನು ಏನು ಮಾಡುತ್ತಿದ್ದೇನೆ ಎಂಬುದು ಆ ಮಹಾಪರೀಕ್ಷಕನಿಗೆ ಒಮ್ಮೆಯೂ ಹೊಳೆಯಲಿಲ್ಲ.

ಗದಗಿನ ಬಸ್ಸಿನಲ್ಲಿ ಹನಮಪ್ಪ ಹಿಂದಿನ ಸೀಟಿನಲ್ಲಿದ್ದ. ಲಾಡಸಾಬ ತಿರುಗಿ, "ಏನಪಾ, ಗುಳಿಗಿ ತಗೊಂಡಿದ್ಯೋ, ಅಲ್ಲೂ ಹೆಂಟಿ ಕಲಸಿದ್ಯೋ?" ಎಂದು ಕೇಳಿದ.

"ಹೊಟ್ಟಿಗೆ ಹಾಕೂ ಮಾಲಿನಾಗ ಯಾರ ಕಲಸ್ತಾರೋ ಸಾಬಾ" ಎಂದ ಹನಮಪ್ಪ. ಅಷ್ಟು ಹೇಳಿ ಕಿಟಕಿಯ ಹೊರಗೆ ನೋಡತೊಡಗಿದ.

ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಮಧ್ಯಾಹ್ನದ ಮೇಲೆ ಇಬ್ಬರನ್ನೂ ಒಟ್ಟಿಗೇ ಕೂಡಿಸಿದರು. ಜಮಾಲಬಿ ಹೊರಗಿನ ಬಾಕಿನ ಮೇಲಿದ್ದಳು. ಮೊದಲು ಹನಮಪ್ಪನ ಚಿತ್ರ. ಅವನಿಗೂ ಹೋದ ವರ್ಷ ಕೆಂಪು ಉಂಗುರ ಬರೆದಿದ್ದರು, ಅವನದೂ ಮೆತ್ತಗಿನ ಗಂಟೇ ಆಗಿತ್ತು. ಈಗ ಅದು ಒಂದು ಕೂದಲಷ್ಟೂ ಬೆಳೆದಿರಲಿಲ್ಲ. "ಗಟ್ಟಿ ಆಗೈತಿ ನೋಡ್ರಿ. ಭಾಳ ಚಲೋ ಆತು" ಎಂದರು ಡಾಕ್ಟರರು. ತಾಲೂಕಿನಲ್ಲೇ ಅತಿ ಖೊಟ್ಟಿ ಚೀಲ ತರುವ ಮನುಷ್ಯನ ಒಳಗು ಇಷ್ಟು ಚೊಕ್ಕ! ಲಾಡಸಾಬನ ಮುಖ ಹುಳ್ಳಗಾಯಿತು.

ಆಮೇಲೆ ಅವನ ಸರದಿ. ಹೋದ ವರ್ಷದ ಚಿತ್ರ, ಈ ವರ್ಷದ ಚಿತ್ರ ಮಗ್ಗಲಿಗೆ ಮಗ್ಗಲು. ಯಂತ್ರ ಉಂಗುರ ಬರೆದ ಜಾಗದಲ್ಲಿಯೇ, ಗೆರೆ ಎಳೆದಂತೆ, ಗಂಟು ಉಬ್ಬಿ ಕುಳಿತಿತ್ತು. ಮೂವತ್ತು ಇದ್ದದ್ದು ಐವತ್ತಾಗಿತ್ತು. ಶೆಟ್ಟರ ಲೆಕ್ಕದಲ್ಲಿ ಲಾಡಸಾಬ ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿದ್ದ.

ಡಾಕ್ಟರ್ ಪುಷ್ಪಾವತಿ ಕಾಗದ ತಿರುವಿ ಹಾಕಿ ಹಣೆ ಗಂಟಿಕ್ಕಿದರು. "ಇದೊಂದು ನನಗ ತಿಳೀವಲ್ದು. ಇವರ ರಕ್ತ ಭಾಳ ಚಲೋ ಐತಿ, ಕೊಬ್ಬು ಪೂರಾ ಇಳದೈತಿ. ಗುಳಿಗಿ ಸರಿಯಾಗಿ ತಗೊಂಡಾರಂತ ರಕ್ತಾನ ಹೇಳತೈತಿ. ಆದ್ರೂ ಒಳಗ ಬೆಳದೈತಿ. ಅಂದ್ರ ಇಂಥವರಿಗೆ ಈ ಗುಳಿಗಿ ಕೆಲಸ ಮಾಡೂದಿಲ್ಲ ಅಂತ ಬರೀಬೇಕಾಗತೈತಿ." ಪೆನ್ನು ತೆಗೆದರು.

ಲಾಡಸಾಬನಿಗೆ ಬೇಕಾದದ್ದು ಸಿಕ್ಕಿತ್ತು. ತಪ್ಪು ಗುಳಿಗೆಯದು. ಅವನ ಮಾನ ಉಳಿಯಿತು. ಸುಮ್ಮನೆ ಕುಳಿತರೆ ಮುಗಿಯಿತು.

ಹನಮಪ್ಪ ಕೆಮ್ಮಿ, ಡಾಕ್ಟರರನ್ನು ಕೇಳಿದ. "ಬಾಯಾರ, ಒಂದ ಮಾತ ಕೇಳ್ತೀನಿ. ಈ ರಕ್ತ ಐತಲ್ಲ, ಅದು ಎಷ್ಟ ದಿನದ ಸುದ್ದಿ ಹೇಳತೈತ್ರಿ?"

"ಈ ಗುಳಿಗಿದು ಅಂದ್ರ, ಹದಿನೈದ ದಿನ ತಗೊಂಡ್ರೂ ರಕ್ತದಾಗ ಕಾಣತೈತಿ."

"ಮತ್ತ ಆ ಚಿತ್ರಾ?"

"ಅದು ಇಡೀ ವರ್ಷದ್ದು."

"ಹಂಗನ್ರಿ" ಎಂದ ಹನಮಪ್ಪ. ಲಾಡಸಾಬನ ಕಡೆ ತಿರುಗಿ ನೋಡಿದ, ಅಷ್ಟೇ. ನಾಲ್ಕು ಸಲ ಸುರಿದವನ ಕಣ್ಣು ಅದು. ಮೇಲೆ ಚಲೋ ಕಾಳು ಹಾಕಿದ ಚೀಲ ಹೇಗಿರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಗ ಹೊಳೆಯಿತು ಲಾಡಸಾಬನಿಗೆ. ರಕ್ತ ಚೀಲದ ಬಾಯಿ. ಅದಕ್ಕೆ ಹದಿನೈದು ದಿನ ಕುಳಿತು ತಾನೇ ಮುತ್ತಿನಂಥ ಕಾಳು ತುಂಬಿದ್ದ. ಈ ತಾಯಿ ಅದನ್ನು ತಿಕ್ಕಿ ನೋಡಿ, ತಲೆಯಾಡಿಸಿ, ಬರೆದುಕೊಳ್ಳುತ್ತಿದ್ದಾಳೆ. ಈ ಬರಹವನ್ನು ನಂಬಿ ನಾಳೆ ಇನ್ಯಾವನದೋ ಗುಳಿಗೆ ಬಿಡಿಸುತ್ತಾರೆ. ಅವನಿಗೆ ನಾಚಿಕೆಯಾಯಿತು. ಸಾಯುವ ಭಯಕ್ಕಿಂತ ದೊಡ್ಡ ನಾಚಿಕೆ. ಜನ್ಮದಲ್ಲಿ ಒಂದು ಖೊಟ್ಟಿ ಚೀಲವನ್ನೂ ತನ್ನ ಮುಂದಿನಿಂದ ದಾಟಲು ಬಿಡದವನು ತನ್ನನ್ನೇ ಹೇಗೆ ದಾಟಿಸುವುದು?

"ಬರೀಬ್ಯಾಡ್ರಿ ಬಾಯಾರ" ಎಂದ. ಕಾಗದದ ಮೇಲೆ ಅಂಗೈ ಇಟ್ಟು ಮತ್ತೆ ಹೇಳಿದ. "ಬರೀಬ್ಯಾಡ್ರಿ. ಮಾಲು ಖೊಟ್ಟಿ ಐತಿ. ಗುಳಿಗಿ ತಗೊಂಡದ್ದು ಹದಿನೈದ ದಿನಾ ಅಷ್ಟ."

ಡಾಕ್ಟರರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ಕಾದ, ಬೈಯಲಿಲ್ಲ. "ಇನ್ನೂ ಹೊತ್ತ ಮೀರಿಲ್ಲ, ಅಜ್ಜಾರ. ಇವತ್ತಿಂದ ತಗೊಳ್ರಿ. ಮುಂದಿನ ವರ್ಷಕ್ಕ ಇದು ಐವತ್ತಕ್ಕ ನಿಂತದ್ದು ನೋಡ್ತೀವೋ, ನಿಮ್ಮನ್ನ ನೋಡೂದ ಇಲ್ಲೋ, ಅದು ನಿಮ್ಮ ಕೈಯಾಗ ಐತಿ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಹನಮಪ್ಪನಾದರೂ ನಗಬಹುದಿತ್ತು, ಹತ್ತು ವರ್ಷದ ಬಾಕಿ ತೀರಿಸಿಕೊಳ್ಳಬಹುದಿತ್ತು. ಅವನು ಹೊರಗೆ ಹೋಗಿ ಎರಡು ಚಹಾ ತಂದು, ಒಂದನ್ನು ಇವನ ಕೈಯಲ್ಲಿಟ್ಟ.

ಸಂಜೆಯ ಬಸ್ಸಿಗೆ ಗಂಡ ಹೆಂಡತಿ ಊರಿಗೆ ಬಂದರು. ಮನೆಯಲ್ಲಿ ಊಟವಾಯಿತು. ಜಮಾಲಬಿ ಎಂದಿನಂತೆ ಗುಳಿಗೆ, ತಂಬಿಗೆ ಹಿಡಿದು ಬಂದು ನಿಂತಳು. ಅವನು ಎದ್ದುಹೋಗಿ ಕಪಾಟಿನ ಹಿಂದಿನಿಂದ ಮಾದರಿ ಚೀಲ ತಂದು ಆಕೆಯ ಮುಂದಿಟ್ಟ. ಆಕೆ ಬಾಯಿಯ ದಾರ ಬಿಚ್ಚಿ ಒಳಗೆ ನೋಡಿದಳು. ಕೋಣೆಯಿಂದ ಒಂದು ಹಳೆಯ ಚಾದರ ತಂದು ನೆಲಕ್ಕೆ ಹಾಸಿದಳು. ಮೂವತ್ತು ವರ್ಷ ಗಂಡನ ಬಾಯಿಂದ ಮಾರುಕಟ್ಟೆಯ ಸುದ್ದಿ ಕೇಳಿದವಳು ಆಕೆ.

"ಸುರುವ್ರಿ" ಎಂದಳು. ಕನ್ನಡದಲ್ಲಿ.

ಲಾಡಸಾಬ ತನ್ನ ಕೈಯಾರೆ ಸುರಿದ. ಮುನ್ನೂರಕ್ಕೂ ಹೆಚ್ಚು ಬಿಳಿ ಗುಳಿಗೆಗಳು, ಮೇಲ್ಪದರ ಸ್ವಲ್ಪ ಕರಗಿ ಒಂದಕ್ಕೊಂದು ಅಂಟಿದಂಥವು, ಚಾದರದ ಮೇಲೆ ಉರುಳಿ ಬಿದ್ದವು. ಜಮಾಲಬಿ ಅವುಗಳ ಮುಂದೆ ಕುಳಿತು ಕೈಯಾಡಿಸಿದಳು.

"ಇಷ್ಟ ದಿನಾ ನಾ ನೀರ ಕೊಟ್ಟದ್ದು ಯಾರಿಗೆ?" ಎಂದು ಕೇಳಿದಳು. ಆಗ ಆಕೆಗೆ ಅಳು ಬಂದಿತು, ಅವನಿಗೂ ಬಂದಿತು.

ಕಣ್ಣೊರೆಸಿಕೊಂಡು ಅವನು ಆಕೆಯ ಕೈಯಿಂದ ಅಂದಿನ ಗುಳಿಗೆ ತೆಗೆದುಕೊಂಡ, ಬಾಯಿಗೆ ಹಾಕಿದ, ನೀರು ಕುಡಿದ, ನುಂಗಿದ. ನಂಬಲಿ ಎಂದು ಬಾಯಿ ಅಗಲಿಸಿ ತೋರಿಸಿದ.

ಜಮಾಲಬಿ ಬರೀ ನೋಡಿ ನಂಬಲಿಲ್ಲ. ಬೆರಳು ಹಾಕಿ, ಎಡದವಡೆಯ ಹಲ್ಲಿಲ್ಲದ ಸಂದಿಯ ತಳದ ತನಕ ತಡಕಿ ನೋಡಿದಳು.